ಎಂಟುನೂರ ಐವತ್ತರ ಬೆಳಕು

ಜತ್ತದಿಂದ ಉಮದಿಗೆ ಹೋಗೂ ದಾರ್ಯಾಗ ತಗಡಿನ ಶೆಡ್ಡು.
ಬೋರ್ಡು ಮರಾಠಿ, ಒಳಗಿನ ಬೈಗಳ ಕನ್ನಡ.
ಪಟ್ಟಾ ಮ್ಯಾಲ ದಾಳಿಂಬ್ರಿ ಹೊರಳಿಕೋತ ಬರತಾವು,
ಮದಿವಿ ಮನ್ಯಾಗ ಮಂದಿ ಪಂಕ್ತಿಗೆ ನುಗ್ಗಿದ ಹಂಗ
ಒಂದಕ್ಕೊಂದು ಒತ್ತಿಕೊಂಡು, ಮುಂದಿನದರ ಬೆನ್ನು ನೋಡಿಕೋತ.
ಕರೀ ಡಬ್ಬಿಯೊಳಗ ಹೋಗತಾವು. ಹೊರಗ ಬರತಾವು.
ನಡುವಿನ ಆ ಒಂದು ಗಳಿಗಿ ನನ್ನ ನೌಕರಿ.

ಈ ತಳಿಗೆ ಭಗವಾ ಅಂತಾರ.
ಹೊತ್ತು ಮುಣಗೂ ಮುಂದಿನ ಬಣ್ಣ, ಅಂತಾಳ ಗಂಗೂತಾಯಿ,
ಕುಂಕುಮಕ್ಕ ಒಂದೀಟು ಅರಿಷಿಣ ಕಲಸಿದ ಹಂಗ.
ಅಕಿ ಹೇಳಿದಾಗೆಲ್ಲ ನಾ ಹೂಂ ಅಂದೇನಿ.
ಎಲಿ, ಕಾಯಿ, ಹಣ್ಣು,
ಮೂರೂ ಒಂದ ಕಂಬಳಿಯ ಎಳಿ ನನಗ.
ಸಣ್ಣಾಂವಿದ್ದಾಗ ಬುಟ್ಟಿ ತುಂಬ ಹೀಚು ಹರಕೊಂಡು ಬಂದು
ಅಪ್ಪನ ಕಡೆ ಬೈಸಿಕೊಂಡೇನಿ.
ಮುಂದ ಮಿರಜದಾಗ ರೈಲ್ವೆ ಡಾಕ್ಟರು
ಚುಕ್ಕಿ ಚುಕ್ಕಿ ಚಿತ್ರ ಹಿಡದು ಕೇಳಿದ್ರು, ಏನೈತಿ ಇದರಾಗ?
ಜೋಳದ ರಾಶಿ ಐತ್ರಿ, ಅಂದೆ.
ಎಂಟು ಅಂತ ಬರದೈತಲ್ಲೋ ಮಾಳಪ್ಪಾ, ಇಷ್ಟ ದೊಡ್ಡದು!
ಸಿಗ್ನಲ್ ನೋಡೂ ಕೆಲಸ ಅಲ್ಲಿಗೆ ಮುಗೀತು.

ಡಬ್ಬಿ ಕೂಡಿಸಾಕ ಪುಣೇದಿಂದ ಹುಡುಗಿ ಬಂದಳು, ಮೃಣ್ಮಯೀ ಅಂತ.
ಅರ್ಧ ಮರಾಠಿ, ಅರ್ಧ ಕೈಸನ್ನಿ:
ಮಂದಿ ಕಣ್ಣು ಏಳುನೂರರ ಆಜೂಬಾಜೂ ನಿಂತುಬಿಡತೈತಿ,
ಅದರಾಚೆ ಬೆಳಕು ಇರತೈತಿ, ಬಣ್ಣಕ್ಕ ಹೆಸರು ಇರೂದಿಲ್ಲ.
ಎಂಟುನೂರ ಐವತ್ತಕ್ಕ ಹೋದ್ರ
ಕೆಂಪು ಕಳಚಿ ಬೀಳತೈತಿ, ಹಸರು ಕಳಚಿ ಬೀಳತೈತಿ,
ಸಿಪ್ಪಿ ವಿಭೂತಿ ಹಂಗ ಬೆಳ್ಳಗಾಗಿ
ಪೆಟ್ಟು ತಿಂದ ಜಾಗ ಅಷ್ಟ ಕರ್ರಗ ಎದ್ದು ನಿಲ್ಲತೈತಿ.

ಪರದೆ ಹಚ್ಚಿದಳು.
ಹನ್ನೊಂದು ಮಂದಿ ಹೆಂಗಸರು ಬಗ್ಗಿ ನೋಡಿದ್ರು.
ಅಯ್ಯ, ಬಣ್ಣಾನ ಇಲ್ಲಲ್ಲ, ಇದರಾಗ ಏನ ತಿಳೀತೈತಿ?
ಮೊದಲನೇ ಸಲ ಮಂದಿ ನನ್ನ ಮನಿಯೊಳಗ ಬಂದು
ದೀಪ ಎಲ್ಲೈತಿ ಅಂತ ತಡಕಾಡಿದ ಹಂಗ ಆತು.
ನಾ ಬೊಟ್ಟು ಇಟ್ಟೆ: ಇಲ್ಲೊಂದು. ಇಲ್ಲೊಂದು.
ಟ್ರ್ಯಾಕ್ಟರ್ ಹಳ್ಳ ದಾಟುವಾಗ ಬಿದ್ದ ಪೆಟ್ಟು,
ಇವತ್ತ ಯಾರಿಗೂ ಕಾಣದ್ದು,
ಹಡಗಿನ್ಯಾಗ ಮೆತ್ತಗಾಗಿ ದುಬೈದಾಗ ನಾರೂದು.
ಖುರ್ಚಿ ನನಗ ಕೊಟ್ಟರು.

ಗಂಗೂತಾಯಿಗೆ ಮಶಿನ್ ಮ್ಯಾಲ ಸಿಟ್ಟು.
ಇಪ್ಪತ್ತು ವರ್ಷ ಹೆಬ್ಬೆರಳಿಂದ ಬಡದು ಕೇಳಿ ಆರಿಸಿದಾಕಿ.
ನಿನ್ನಿ, ಡಬ್ಬಿ ದಾಟಿ ಪಾಸಾದ ಎರಡು ಹಣ್ಣು ಎತ್ತಿ
ಕಿವಿಗೆ ಹಿಡದು, ಇವೆರಡೂ ಎದಿ ಸುಟ್ಟವು, ಅಂದಳು.
ಪರದೆ ಮ್ಯಾಲ ಎರಡೂ ಹುಣ್ಣಿವಿ.
ಕುಡುಗೋಲಿಂದ ಸೀಳಿದ್ವಿ.
ಒಂದರೊಳಗ ಒಲಿಯ ಕಿಟ್ಟ, ಹಿಡಿ ಬೂದಿ.
ಸಿಪ್ಪಿ ದಾಟಿ ನಾಕ ಕೂದಲೆಳಿ ಒಳಗ ಹೋದ್ರ
ನನ್ನ ಬೆಳಕೂ ಕುರುಡ.
ಇನ್ನೊಂದು ಎಷ್ಟು ಚೊಲೋ ಇತ್ತಂದ್ರ
ಮಾಲಕ ಬರೂದರೊಳಗ ಸಾಕ್ಷಿ ತಿಂದು ಮುಗಿಸಿದ್ವಿ.
ವಹಿಯಾಗ ಎರಡೂ ಕೆಟ್ಟವು ಅಂತ ಬರದೇನಿ.

ಮನಿಗೆ ಹೋದ್ರ ನಿಂಬೆವ್ವ ಬಾಗಿಲದಾಗ ಹಿಡದಳು.
ಏನಿದು, ಅಂಗಿ ತುಂಬ ಕಲೆ?
ಎಲ್ಲಿ?
ಇಲ್ಲೊಂದು, ಇಲ್ಲೊಂದು, ಎದಿ ಮ್ಯಾಲ ನೋಡು.
ಹಸರ ಅಂಗಿ ಅಂತ ಅಕೀನ ಸಂತ್ಯಾಗ ಆರಿಸಿದ್ದು;
ನನಗ ಅಂಗಿ ಅಷ್ಟ ಕಂಡಿತು.

ಇವತ್ತ ಊಟಕ್ಕ ಪಟ್ಟಾ ನಿಂತಾಗ
ಅಂಗಿ ಕಳಚಿ ಡಬ್ಬಿಯಾಗ ಹಾಸಿದೆ.
ಎಂಟುನೂರ ಐವತ್ತು.
ಕಲೆ ಇಲ್ಲ. ಮಡಿ ಅರಿವಿ.
ಪರದೆಯ ಫೋಟೋ ಮೊಬೈಲಿನ್ಯಾಗ ಹಿಡಕೊಂಡು
ಸೈಕಲ್ಲು ಜೋರ ತುಳದು ಮನಿಗೆ ಬಂದು ತೋರಿಸಿದೆ.
ಅಕಿ ಫೋಟೋ ನೋಡಿದಳು, ಅಂಗಿ ನೋಡಿದಳು.
ನಿನ್ನ ಮಶಿನ್ನೂ ನಿನ್ನಂಗ ಐತಿ ತಗೋ, ಅಂದು
ಸಾಬಾಣ ತಂದು ಕೈಯಾಗ ಇಟ್ಟಳು.